ಆದೋನಿಯ ಅಂಗಳದಲ್ಲೊಂದು ಹಳದಿ ದೋಣಿ

ನಮ್ಮ ಬೀದಿಗೆ ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಹೊಳೆ ನೋಡಬೇಕೆಂದರೆ ಬಸ್ಸಿನಲ್ಲಿ ಒಂದೂವರೆ ಗಂಟೆ ಹೋಗಬೇಕು. ಇಂಥ ಊರಿನ ಮನೆಯಂಗಳದಲ್ಲಿ, ಬೇವಿನ ಮರದ ಕೆಳಗೆ ಮೂರು ವರ್ಷ ಒಂದು ದೋಣಿ ಬೋರಲಾಗಿ ಬಿದ್ದಿತ್ತೆಂದರೆ ಕಂಡವರು ನಗದೆ ಇರುತ್ತಾರೆಯೇ? ಜಲಪ್ರಳಯ ಬಂದರೆ ಇಡೀ ಆದೋನಿಯಲ್ಲಿ ಬದುಕುವವಳು ನೀನೊಬ್ಬಳೇ ಬಿಡು ಎಂದು ರವಿಕೆ ಹೊಲಿಸಲು ಬರುವ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ನಗಲಿ ಪಾಪ ಎಂದು ನಾನೂ ನಗುತ್ತಿದ್ದೆ. ಆಮೇಲೆ ಅವರ ರವಿಕೆಯನ್ನು ಬೇಕೆಂದೇ ಎರಡು ದಿನ ತಡಮಾಡಿ ಕೊಡುತ್ತಿದ್ದೆ. ನನ್ನ ಸಿಟ್ಟು ಹಾಗೆ, ಬಾಯಿಗೆ ಬರದಿದ್ದರೆ ಕೈಗೆ ಬರುತ್ತದೆ.

ದೋಣಿ ನಮ್ಮಪ್ಪನದು. ಮಾಧವರಂ ಹತ್ತಿರದ ಹೊಳೆದಂಡೆಯ ಹಳ್ಳಿಯಲ್ಲಿ ಅವನು ಐವತ್ತು ವರ್ಷ ಜನರನ್ನು ಆಚೆ ದಡಕ್ಕೆ ದಾಟಿಸಿದವನು. ಮೊದಲು ಅವನ ಹತ್ತಿರ ಇದ್ದದ್ದು ಹರಿಗೋಲು, ಅಂದರೆ ಬಿದಿರಿನ ದೊಡ್ಡ ಬುಟ್ಟಿ. ನೀರು ನುಗ್ಗದಂತೆ ಹೊರಮೈಗೆ ವರ್ಷಕ್ಕೊಮ್ಮೆ ಡಾಂಬರು ಬಳಿಯುತ್ತಿದ್ದ. ಹೊಳೆ ಊರೊಳಗೆ ಬಂದ ವರ್ಷ ಆ ಬುಟ್ಟಿ ಕೊಚ್ಚಿಹೋಯಿತು. ಆಮೇಲೆ ಸಿಕ್ಕಿದ್ದು ಈ ಫೈಬರ್ ದೋಣಿ. ನನ್ನ ಅವ್ವ ತೀರಿಕೊಂಡ ಮೇಲೆ, ನಾನು ಒಬ್ಬಳೇ ಮಗಳು, ನಮ್ಮ ಮನೆಗೆ ಬಂದುಬಿಡು ಎಂದು ಅಪ್ಪನಿಗೆ ಹೇಳಿದೆ. ಅವನು ಒಂದು ದಿನ ಪೂರ್ತಿ ಯೋಚನೆ ಮಾಡಿ, ನಾ ಬರ್ತೀನಿ, ದೋಣಿನೂ ಬರ್ತೈತಿ ಎಂದ. ಅಷ್ಟೇ ಅವನ ಕರಾರು. ಟ್ರ್ಯಾಕ್ಟರಿನಲ್ಲಿ ದೋಣಿ ಮುಂದೆ ಬಂತು, ಅಪ್ಪ ಹಿಂದಿನಿಂದ ಬಸ್ಸಿನಲ್ಲಿ ಬಂದ.

ದೋಣಿಯ ತಳ ಆಗಲೇ ಸೀಳಿತ್ತು. ಬಂಡೆಗಳ ಮೇಲೆ ಎಳೆದೆಳೆದು ಸವೆದು, ಮೂತಿಯ ಹತ್ತಿರ ಒಂದು ಗೇಣು ಬಿರುಕು ಬಿಟ್ಟಿತ್ತು. ಕೂರುವ ಹಲಗೆ ಕೊಳೆತಿತ್ತು. ನಮ್ಮ ಕೋಳಿಗಳಿಗೆ ಅದು ಬಲು ಇಷ್ಟವಾಯಿತು, ಕೆಳಗೆ ಹೋಗಿ ಮೊಟ್ಟೆ ಇಡತೊಡಗಿದವು.

ಅಪ್ಪನಿಗೆ ಒಬ್ಬಳು ತಂಗಿ, ನನ್ನ ಸೋದರತ್ತೆ. ಅವಳನ್ನು ಆಚೆ ದಡದ ಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಹೊರಟ ದಿನ ಅವಳು ದಂಡೆಯಲ್ಲಿ ಕೂತು ಅಳು ನಿಲ್ಲಿಸಲಿಲ್ಲವಂತೆ. ಆಗ ಅಪ್ಪನಿಗಿನ್ನೂ ಮೀಸೆ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಪಂಚಮಿಗೆ ನನ್ನ ದೋಣಿಯಲ್ಲೇ ನಿನ್ನನ್ನು ತವರಿಗೆ ಕರೆತರುತ್ತೇನೆ, ಕೈಯಲ್ಲಿ ಹುಟ್ಟು ಹಿಡಿಯುವ ತ್ರಾಣ ಇರುವವರೆಗೆ ಒಂದು ವರ್ಷವೂ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟಿದ್ದ. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ಅಪ್ಪನೋ ಬಂದು ಕರೆಯಬೇಕು, ಕರೆದರೆ ಹೋಗಬೇಕು, ಜೋಕಾಲಿ ಜೀಕಬೇಕು, ಶೇಂಗಾ ಉಂಡೆ ತಿನ್ನಬೇಕು. ಕರೆಯದೆ ತಾನಾಗಿ ಹೋದವಳಿಗೆ ಉಂಡೆ ಸಿಕ್ಕರೂ ಹಬ್ಬ ಸಿಗುವುದಿಲ್ಲ.

ಅಪ್ಪನ ದೋಣಿಯಲ್ಲಿ ಕೂರುವುದಕ್ಕೂ ಒಂದು ಪದ್ಧತಿ ಇತ್ತು. ತವರಿಗೆ ಹೋಗುವ ಹೆಣ್ಣು ಮುಂದೆ ನೋಡಿ ಕೂರಬೇಕು. ಗಂಡನ ಮನೆಗೆ ಮರಳುವವಳು ಹಿಂದೆ ನೋಡಿ ಕೂರಬೇಕು. ಬಿಟ್ಟು ಬಂದ ದಂಡೆ ಕಣ್ಣಿಗೆ ಕಾಣುವಷ್ಟು ಹೊತ್ತು ಕಾಣಲಿ ಎಂದು. ಯಾರದೇ ಮನೆಯ ಮಗಳಾಗಲಿ, ದೋಣಿ ಹತ್ತಿದ ಕೂಡಲೇ ಅಪ್ಪ ಕೇಳುತ್ತಿದ್ದದ್ದು ಒಂದೇ ಮಾತು, ಎಲ್ಲಿಗೆ ಹೊಂಟೀಯವ್ವಾ ಎಂದು. ಉತ್ತರ ನೋಡಿ ಕೂರಿಸುತ್ತಿದ್ದ.

ನನಗೆ ಆ ಭಾಗ್ಯ ಇರಲಿಲ್ಲ. ನನ್ನನ್ನು ಕೊಟ್ಟದ್ದು ಆದೋನಿಗೆ, ಈಚೆ ದಡಕ್ಕೇ. ನನ್ನನ್ನು ಕರೆಯಲು ಬಸ್ಸು ಸಾಕಿತ್ತು. ಅಪ್ಪ ಬೆಳಿಗ್ಗೆ ಹೊಳೆ ದಾಟಿ ತಂಗಿಯನ್ನು ಕರೆತಂದು, ಮನೆಯಲ್ಲಿ ಬಿಟ್ಟು, ಆಮೇಲೆ ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಿದ್ದ. ಕೈಚೀಲದಲ್ಲಿ ಜೋಳದ ಅರಳು. ಅತ್ತೆಗೆ ದೋಣಿ, ನನಗೆ ಬಸ್ಸಿನ ಟಿಕೆಟ್ಟು ಎಂದು ನಾನು ರೇಗಿಸುತ್ತಿದ್ದೆ. ರೇಗಿಸುತ್ತಿದ್ದೆ ಎನ್ನುವುದು ಮೇಲಿನ ಮಾತು, ಒಳಗೆ ನಿಜವಾಗಿಯೂ ಹೊಟ್ಟೆಕಿಚ್ಚು ಇತ್ತು.

ಅಪ್ಪ ನಮ್ಮ ಮನೆಗೇ ಬಂದ ಮೇಲೆ ಆ ಬಸ್ಸೂ ನಿಂತಿತು. ಮೊದಲ ವರ್ಷ ಪಂಚಮಿಯ ಹಿಂದಿನ ದಿನ, ಆ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ನನ್ನ ಕಾಲು ನನ್ನನ್ನು ಕೇಳದೆ ಬಾಗಿಲಿಗೆ ಹೋಗಿ ನಿಂತವು. ಅಪ್ಪ ಒಳಗೇ ಕೂತು ಚಹಾ ಕುಡಿಯುತ್ತಿದ್ದ. ಕರೆಯುವವನು ನನ್ನ ಮನೆಯಲ್ಲೇ ಇದ್ದಾನೆ, ಇನ್ನು ಯಾರು ಯಾರನ್ನು ಎಲ್ಲಿಗೆ ಕರೆಯಬೇಕು? ಹೇಳಿದರೆ ಹುಚ್ಚಿ ಅಂದಾರು ಎಂದು ಸುಮ್ಮನೆ ಒಳಗೆ ಬಂದು ಮಷಿನ್ ತುಳಿದೆ. ಅವತ್ತು ಹೊಲಿದ ರವಿಕೆಯ ಎರಡೂ ತೋಳು ಎಡಗೈಯವೇ ಆಗಿದ್ದವು.

ಅತ್ತೆಯದು ಇನ್ನೊಂದು ಹಟ. ಈಗ ಸೇತುವೆ ಇದೆ, ಆಟೋ ಇದೆ, ಬಸ್ಸಿದೆ. ಬಾ ಎಂದು ಮೂರು ವರ್ಷವೂ ಫೋನ್ ಮಾಡಿ ಕರೆದೆವು. ಅವಳು ಬರಲೊಲ್ಲಳು. "ಬಸ್ಸಿನ್ಯಾಗ ಬಂದ್ರ ಊರಿಗೆ ಬಂದಂಗ ಆಕೈತಿ, ತವರಿಗೆ ಬಂದಂಗ ಆಗಂಗಿಲ್ಲ. ನಮ್ಮಣ್ಣ ದೋಣಿ ತಂದ ದಿನ ಬರ್ತೀನಿ" ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಂಡು ಅಪ್ಪ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

ಕಳೆದ ಸಂಕ್ರಾಂತಿಯ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಎಡಗಾಲು ಎಳೆಯತೊಡಗಿತು. ಬೇಸಿಗೆ ಕಳೆಯುವ ಹೊತ್ತಿಗೆ ಕೋಲು ಹಿಡಿದು ಅಂಗಳದವರೆಗೆ ನಡೆಯುವಂತಾದಳು. ಒಂದು ದಿನ ಅವಳೇ ಫೋನ್ ಮಾಡಿದಳು. ಯಾವಾಗಲೂ ನಗುತ್ತಾ ಜಗಳಾಡುವವಳು ಅವತ್ತು ಮೆಲ್ಲಗೆ ಹೇಳಿದಳು, ಈ ಪಂಚಮಿಗೆ ಬರಬೇಕು ಅನ್ನಿಸೈತಿ, ಮುಂದಿನದು ನನಗ ಗೊತ್ತಿಲ್ಲ ಎಂದು. ಆದರೂ ಆಟೋದಲ್ಲಿ ಬರುತ್ತೇನೆ ಎನ್ನಲಿಲ್ಲ. ಆ ಹಟ ನಮ್ಮ ವಂಶದ್ದು, ನನಗೂ ಬಂದಿದೆ, ಬೈಯುವ ಹಾಗಿಲ್ಲ.

ಫೋನ್ ಇಟ್ಟ ಅಪ್ಪ ದೋಣಿಯ ಹತ್ತಿರ ಹೋಗಿ ಅದರ ಬೆನ್ನಿನ ಮೇಲೆ ಕೈ ಇಟ್ಟು ನಿಂತ. ಅವನಿಗೆ ಎಪ್ಪತ್ತೈದು ದಾಟಿದೆ. ಹಂಗ ಯಾಕ ನಿಂತಿ, ಈ ಪಂಚಮಿಗೆ ದೋಣಿ ನೀರಿಗೆ ಇಳಿಸೋಣ ನಡಿ ಎಂದುಬಿಟ್ಟೆ. ಹೇಗೆ ಎನ್ನುವುದು ಆಗ ನನಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ನಮ್ಮ ಮನೆಯವರಿಗೆ. ಅವರದು ಆಟೋಗಳ ಟಿಂಕರಿಂಗ್ ಕೆಲಸ. ಎಲ್ಲೋ ಗುದ್ದಿ ಒಡೆದ ಬಂಪರು, ಬಾನೆಟ್ಟುಗಳಿಗೆ ಫೈಬರ್ ಹಾಕಿ ಕೂಡಿಸುವುದರಲ್ಲಿ ಅವರ ಕೈ ಪಳಗಿದೆ. ಬಂಪರ್ ಆದರೇನು, ದೋಣಿ ಆದರೇನು, ಒಡೆದದ್ದು ಒಡೆದದ್ದೇ ಎಂದರು. ಅವರು ಅಂಗಡಿಗೆ ಹೋಗುವ ಮೊದಲು ಬೆಳಗಿನ ಎರಡು ತಾಸು ಅವರದು, ಉಳಿದ ಹೊತ್ತು ನನ್ನದು. ಅಪ್ಪನಿಗೆ ನಾವು ಕೊಟ್ಟ ಕೆಲಸ ಕೋಳಿಗಳನ್ನು ಓಡಿಸುವುದು. ಎಂಥ ಅನ್ಯಾಯ ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ಮೊದಲು ದೋಣಿ ತೊಳೆದೆವು. ಪಾಚಿ, ಕೋಳಿ ಹಿಕ್ಕೆ, ಹಳೆಯ ಬಣ್ಣದ ಹೊಪ್ಪಳೆ ಎಲ್ಲ ಹೋಯಿತು. ಬಿರುಕಿನ ಸುತ್ತ ಗ್ರೈಂಡರ್ ಹಿಡಿದು ಇಳಿಜಾರಾಗಿ ಉಜ್ಜಿದೆವು, ಹೊಸ ತೇಪೆ ಹಳೆಯ ಮೈಯನ್ನು ಕಚ್ಚಿ ಹಿಡಿಯಲಿ ಎಂದು. ಬಿಳಿ ಧೂಳು ಬೇವಿನ ಎಲೆಗಳ ಮೇಲೆಲ್ಲ ಕೂತಿತು. ತೇಪೆಗೆ ಹಾಕುವುದು ಗಾಜಿನ ನೂಲಿನ ಹಾಸು, ಅದಕ್ಕೆ ಮ್ಯಾಟು ಅನ್ನುತ್ತಾರೆ. ಬಟ್ಟೆ ಕತ್ತರಿಸುವವಳು ನಾನೇ ತಾನೆ ಎಂದು ಜಂಬದಿಂದ ನನ್ನ ಕತ್ತರಿ ತಂದು, ನನ್ನ ಹೊಲಿಗೆಯ ಮೇಜಿನ ಮೇಲೇ ಹರಡಿ, ಅಳತೆ ಹಿಡಿದು ಕತ್ತರಿಸಿದೆ. ಸಣ್ಣದು ಒಂದು, ಅದಕ್ಕಿಂತ ದೊಡ್ಡದು ಒಂದು, ಅದಕ್ಕಿಂತ ದೊಡ್ಡದು ಇನ್ನೊಂದು. ಕತ್ತರಿಯ ಬಾಯಿ ಹೋಯಿತು. ಅದೇ ಮೇಜಿನ ಮೇಲೆ ಸಂಜೆ ಹೊಲಿದ, ಗಾಜಿನ ಎಳೆ ಅಂಟಿದ್ದ ರವಿಕೆ ತೊಟ್ಟು ಮದುವೆಗೆ ಹೋದ ನಮ್ಮ ಬೀದಿಯ ಹೆಂಗಸು ಅಕ್ಷತೆ ಹಾಕುವುದು ಬಿಟ್ಟು ಬೆನ್ನು ಕೆರೆದುಕೊಂಡಳಂತೆ. ಪ್ರಳಯದ ಮಾತು ಮೊದಲು ತೆಗೆದವಳು ಅವಳೇ. ದೇವರಾಣೆ, ನಾನು ಬೇಕೆಂದು ಮಾಡಿದ್ದಲ್ಲ. ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಕೊಟ್ಟು ಕ್ಷಮೆ ಕೇಳಿ ಬಂದೆ.

ಇನ್ನು ರೆಸಿನ್ನು. ಜೇನಿನ ಹಾಗೆ ಗಟ್ಟಿ ದ್ರವ, ಅದಕ್ಕೆ ಹಾರ್ಡ್‌ನರ್ ಎನ್ನುವ ಇನ್ನೊಂದನ್ನು ಮುಚ್ಚಳದಲ್ಲಿ ಅಳೆದು ಬೆರೆಸಿದರೆ ಕಲ್ಲಾಗುತ್ತದೆ. ಆದೋನಿಯ ಬಿಸಿಲಿಗೆ ಅದಕ್ಕೂ ತಾಳ್ಮೆ ಇಲ್ಲ. ಮೊದಲ ದಿನ ಹತ್ತು ಗಂಟೆಗೆ ಬೆರೆಸಿದ್ದು, ನಾನು ಬ್ರಷ್ ಹುಡುಕಿ ತರುವುದರೊಳಗೆ ಮಗ್ಗಿನಲ್ಲೇ ಹೊಗೆಯಾಡಿ ಬಿಗಿದುಕೊಂಡಿತು. ಆಮೇಲೆ ಕೋಳಿ ಕೂಗುವ ಹೊತ್ತಿಗೇ ಎದ್ದು ಬೆರೆಸತೊಡಗಿದೆವು. ಅವರು ರೆಸಿನ್ ಬಳಿಯುವುದು, ನಾನು ಮ್ಯಾಟು ಹಾಸಿ ಗಾಳಿಗುಳ್ಳೆ ಉಳಿಯದಂತೆ ಒತ್ತುವುದು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಒಂದೇ ಕೆಲಸಕ್ಕೆ ಜೊತೆಯಾಗಿ ಬಗ್ಗಿದ್ದು ಅದೇ ಮೊದಲು. ಅವರ ತಲೆಯಲ್ಲಿ ಅಷ್ಟು ಬಿಳಿಕೂದಲು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

ಪಂಚಮಿಗೆ ಮೂರು ವಾರ ಇದೆ ಎನ್ನುವಾಗ ಬಿರುಕಿನ ಮೇಲೆ ಮೂರು ಪದರ ಕೂತಿತು. ಮಾರನೆಯ ಬೆಳಿಗ್ಗೆ ನಾನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಗಟ್ಟಿ ಹಿಡಿದಿದ್ದರೆ ಟಕ್ ಎನ್ನಬೇಕು. ಬೊದ್ ಎಂದಿತು. ಅಂಚಿಗೆ ಉಗುರು ಹಾಕಿದೆ, ಇಡೀ ತೇಪೆ ಗಾಯದ ಹಕ್ಕಳೆಯ ಹಾಗೆ ಎದ್ದು ಕೈಗೆ ಬಂತು.

ಮೊದಲು ನಮ್ಮ ಮನೆಯವರಿಗೆ ಬೈದೆ. ಹಾರ್ಡ್‌ನರ್ ಕಡಿಮೆ ಹಾಕಿದಿರಿ ಎಂದೆ. ರೆಸಿನ್ ಮಾರಿದವನಿಗೆ ಬೈದೆ. ಕೋಳಿಗಳಿಗೂ ಬೈದೆ. ಅವರು ತೇಪೆಯನ್ನು ತಿರುಗಿಸಿ ತೋರಿಸಿದರು. ಒಳಮೈಯಲ್ಲಿ, ಬಿರುಕಿನ ಉದ್ದಕ್ಕೂ, ಒಂದು ಬೆರಳಿನಗಲ ಕರಿಗೆರೆ. ಮೂಸಿದೆ. ಡಾಂಬರು.

ಅಪ್ಪ ಮರದ ಕೆಳಗೆ ಕೂತಿದ್ದ. ನಾನು ಕೇಳುವ ಮೊದಲೇ ಹೇಳಿದ. ತೇಪೆ ಹಾಕುವ ಹಿಂದಿನ ದಿನ, ನಾನು ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋದಾಗ, ಡಬ್ಬಿಯಲ್ಲಿ ತಂದಿಟ್ಟುಕೊಂಡಿದ್ದ ಡಾಂಬರು ಕಾಯಿಸಿ ಬೆರಳಿನಿಂದ ಎಳೆದಿದ್ದನಂತೆ. ಆಮೇಲೆ ಉಜ್ಜಿದ ಧೂಳನ್ನೇ ಉದುರಿಸಿ ಮುಚ್ಚಿದ್ದ. ಹೊಸದಾಗಿ ಕಟ್ಟಿದ ದೋಣಿಗೆ ಡಾಂಬರಿನ ಮೊದಲ ಬೊಟ್ಟು ಅಂಬಿಗನದು ಎನ್ನುವುದು ಪದ್ಧತಿ. ಅವನಪ್ಪ ಇಟ್ಟಿದ್ದ, ಅವನೂ ಪ್ರತಿ ಹರಿಗೋಲಿಗೂ ಇಟ್ಟಿದ್ದ. ಇಡದಿದ್ದರೆ ಹೊಳೆ ಗುರುತು ಹಿಡಿಯುವುದಿಲ್ಲ. ನಾವು ಬೇಡವೆನ್ನುತ್ತೇವೆ ಎಂದು ಕೇಳದೆ ಇಟ್ಟ.

ಡಾಂಬರಿನ ಮೇಲೆ ರೆಸಿನ್ ಹಿಡಿಯುವುದಿಲ್ಲ, ಮೂರು ವಾರದ ಕೆಲಸ, ತಂದ ರೆಸಿನ್ನೂ ಮುಗಿದಿದೆ. ನನಗೆ ಸಿಟ್ಟು ನೆತ್ತಿಗೇರಿತು.

"ಇದು ನಿನ್ನ ಬುಟ್ಟಿ ಅಲ್ಲಪ್ಪ" ಎಂದೆ. "ದೋಣಿ ಬಗ್ಗೆ ನಿನಗೇನು ಗೊತ್ತೈತಿ?"

ಐವತ್ತು ವರ್ಷ ಹೊಳೆಯ ಮೇಲಿದ್ದವನಿಗೆ ನಾನು ಈ ಮಾತು ಆಡಿದೆ. ಅವನು ನನ್ನನ್ನು ನೋಡಿದ, ಆಮೇಲೆ ತನ್ನ ಬೆರಳು ನೋಡಿಕೊಂಡ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ಮಧ್ಯಾಹ್ನ ಅವನು ಉಣ್ಣಲಿಲ್ಲ. ರೊಟ್ಟಿ ಬಡಿದು ಮುಚ್ಚಿಟ್ಟು ನಾನೂ ಉಣ್ಣಲಿಲ್ಲ. ಮಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣು ಮಂಜಾಗಿ ಆಗಲೊಲ್ಲದು.

ಬಿಸಿಲು ಇಳಿದ ಮೇಲೆ ಚಹಾ ತೆಗೆದುಕೊಂಡು ಅಂಗಳಕ್ಕೆ ಹೋದೆ. ಅಪ್ಪ ಸೀಮೆಎಣ್ಣೆಯ ಬಟ್ಟೆ ಹಿಡಿದು, ದೋಣಿಯ ಮೇಲೆ ಬಗ್ಗಿ, ತಾನು ಎಳೆದ ಗೆರೆಯನ್ನು ತಾನೇ ಉಜ್ಜುತ್ತಿದ್ದ. ಬೆರಳು ಕೆಂಪಾಗಿದ್ದವು. ನನ್ನ ಕಡೆ ತಿರುಗದೆ ಹೇಳಿದ, "ಹೇಳಿಕೊಡವ್ವ. ಇದಕ್ಕ ಏನು ಹಿಡಸ್ತೈತಿ, ಏನು ಹಿಡ್ಸಂಗಿಲ್ಲ, ನನಗ ಗೊತ್ತಿಲ್ಲ."

ನಾನು ಚಹಾ ಕೆಳಗಿಟ್ಟು ಅವನ ಪಕ್ಕ ಕೂತು ಅತ್ತುಬಿಟ್ಟೆ. ತಪ್ಪಾಯಿತು ಅಪ್ಪ ಎಂದೆ. ಅವನು ಸೀಮೆಎಣ್ಣೆಯ ಕೈಯನ್ನೇ ನನ್ನ ತಲೆಯ ಮೇಲಿಟ್ಟ. ಎರಡು ದಿನ ಕೂದಲಿನಿಂದ ಆ ವಾಸನೆ ಹೋಗಲಿಲ್ಲ, ನಾನೂ ತಲೆಗೆ ಎರೆದುಕೊಳ್ಳಲು ಅವಸರ ಮಾಡಲಿಲ್ಲ. ಅತ್ತು ಮುಗಿದ ಮೇಲೆ ಹೇಳಿದೆ, ಸೀಮೆಎಣ್ಣೆನೂ ಹಿಡಿಸಂಗಿಲ್ಲಪ್ಪ, ಇನ್ನೊಮ್ಮೆ ಪೂರ್ತಿ ಉಜ್ಜಿ ಥಿನ್ನರಿನಲ್ಲಿ ಒರೆಸಬೇಕು ಎಂದು. ಅವನು ನಕ್ಕ. ಅವನು ನಕ್ಕಿದ್ದು ಎಷ್ಟು ದಿನಕ್ಕೋ.

ಮರುದಿನದಿಂದ ಕೋಳಿ ಓಡಿಸುವ ಕೆಲಸ ನನ್ನದಾಯಿತು, ಉಜ್ಜುವ ಕೆಲಸ ಅವನದು. ದೋಣಿಯ ತಳದಲ್ಲಿ ಎಲ್ಲಿ ಬಂಡೆ ತಾಗುತ್ತದೆ, ಎಲ್ಲಿ ಭಾರ ಬೀಳುತ್ತದೆ ಎಂದು ಅವನು ಕೈ ಆಡಿಸಿಯೇ ತೋರಿಸಿದ. ನಮಗೆ ಕಾಣದಿದ್ದ ಇನ್ನೂ ಎರಡು ಮೆತ್ತನೆಯ ಜಾಗ ಹುಡುಕಿಕೊಟ್ಟ. ಅವನನ್ನು ಮೊದಲೇ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಕರ್ನೂಲಿನಿಂದ ರೆಸಿನ್ ಬರಲು ಒಂದು ವಾರ ಹಿಡಿಯಿತು. ಈ ಸಲ ಐದು ಪದರ ಹಾಕಿದೆವು. ತಟ್ಟಿದೆ. ಟಕ್ ಎಂದಿತು.

ಬೇವಿನ ಹಲಗೆ ಕೂಡಿಸಿ, ಬಣ್ಣಕ್ಕೆ ಬಂದಾಗ ಅಂಗಡಿಯಲ್ಲಿ ಉಳಿದದ್ದು ಆಟೋದ ಹಳದಿ ಒಂದೇ. ಅದನ್ನೇ ಬಳಿದೆವು. ಆಮೇಲೆ ನಾನು ಅಪ್ಪನಿಗೆ ಡಾಂಬರಿನ ಡಬ್ಬಿ ತಂದುಕೊಟ್ಟೆ. ಎಲ್ಲ ಗಟ್ಟಿಯಾಗಿದೆ, ಈಗ ಇಡು, ಇನ್ನು ಏನೂ ಆಗುವುದಿಲ್ಲ ಎಂದೆ. ಅವನು ಡಬ್ಬಿ ನನ್ನ ಕಡೆ ತಳ್ಳಿದ. "ನೀ ಇಡು. ಕಟ್ಟಿದಾಕಿ ನೀನು." ಹೆಣ್ಣುಮಕ್ಕಳು ಇಡುವ ಪದ್ಧತಿ ಇಲ್ಲವಲ್ಲ ಎಂದೆ. ಈಗ ಇಟ್ಟರೆ ಪದ್ಧತಿ ಆಗುತ್ತದೆ ಎಂದ. ಮೂತಿಯ ಮೇಲೆ ಹಳದಿಯಲ್ಲಿ ಒಂದು ಕರಿ ಬೊಟ್ಟು ಇಟ್ಟೆ.

ಸೋರುತ್ತದೋ ಇಲ್ಲವೋ ನೋಡಬೇಕಲ್ಲ. ದೋಣಿಯನ್ನು ನೀರಿನಲ್ಲಿಡಲು ನೀರೆಲ್ಲಿದೆ? ಹಾಗಾಗಿ ನೀರನ್ನೇ ದೋಣಿಯಲ್ಲಿಟ್ಟೆವು. ನಲ್ಲಿ ಬಂದ ದಿನ, ಇಟ್ಟಿಗೆಗಳ ಮೇಲೆ ದೋಣಿ ಏರಿಸಿ ಕೊಡ ಕೊಡವಾಗಿ ತುಂಬಿದೆವು. ಅಪ್ಪ ಕೆಳಗೆ ಮಲಗಿ ತಳವನ್ನು ನೋಡುತ್ತಾ, ಇಡೀ ಜೀವಮಾನ ದೋಣಿಯಿಂದ ನೀರು ಹೊರಗೆ ಚೆಲ್ಲಿದವನು, ತುಂಬಿದ್ದು ಇದೇ ಮೊದಲು ಎಂದು ಗೊಣಗಿದ. ನೆಲ ಒಣಗಿಯೇ ಇತ್ತು. ಆ ನೀರಿನಲ್ಲಿ ಅರ್ಧ ಬೀದಿ ಬಟ್ಟೆ ಒಗೆಯಿತು, ಬೆನ್ನು ಕೆರೆದುಕೊಂಡ ಹೆಂಗಸು ಎಲ್ಲರಿಗಿಂತ ಮೊದಲು ಬಂದಳು.

ಪಂಚಮಿಯ ಹಿಂದಿನ ದಿನ ಗೂಡ್ಸ್ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು, ಹತ್ತಿ ಚೀಲಗಳ ಮೇಲೆ ದೋಣಿ ಇಟ್ಟು, ನಾಲ್ಕು ಕಡೆ ಹಗ್ಗ ಬಿಗಿದು ಹೊರಟೆವು. ನಮ್ಮ ಮನೆಯವರಿಗೆ ಅಂಗಡಿ ಬಿಡಲಾಗಲಿಲ್ಲ, ಅಪ್ಪ ಮತ್ತು ನಾನು ಇಬ್ಬರೇ. ಅಪ್ಪ ಹೊಸ ಧೋತರ ಉಟ್ಟಿದ್ದ. ಹಳೆಯ ಹುಟ್ಟನ್ನು ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದಿದ್ದ. ತಂಗಿಗೆ ಸೀರೆ, ಬಳೆ, ಅರಳು ನನ್ನ ಮಡಿಲಲ್ಲಿದ್ದವು. ಅತ್ತೆ ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದಳು.

ಹೊಳೆಯ ಹತ್ತಿರ ಬಂದಾಗ ಸದ್ದು ಮೊದಲು ಕೇಳಿಸಿತು. ಮೇಲೆ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಾಗಿ, ದಂಡೆಯ ಜಾಲಿಗಿಡಗಳ ಕುತ್ತಿಗೆಯವರೆಗೆ ಬಂದಿತ್ತು. ಪೊಲೀಸರು ಹಗ್ಗ ಕಟ್ಟಿ ನಿಂತಿದ್ದರು. ಗಾಡಿಯ ಮೇಲಿನ ದೋಣಿ ನೋಡಿ ಒಬ್ಬರು ತೆಲುಗಿನಲ್ಲಿ, "ಪಡವ ದಿಂಪೊದ್ದು, ಪೆದ್ದಾಯನಾ" ಎಂದರು. ದೋಣಿ ಇಳಿಸಬೇಡಿ ಹಿರಿಯರೇ ಎಂದು.

ಅವರು ಹೇಳುವ ಅಗತ್ಯವೇ ಇರಲಿಲ್ಲ. ಅಪ್ಪ ಹಗ್ಗದವರೆಗೆ ನಡೆದು, ನೀರನ್ನು ಬಹಳ ಹೊತ್ತು ನೋಡಿದ. "ಇವತ್ತು ಒಪ್ಪಂಗಿಲ್ಲ ಆಕಿ" ಎಂದ. ಹೊಳೆಯನ್ನು ಅವನು ಆಕಿ ಎಂದೇ ಕರೆಯುವುದು. ಮೊದಲಾದರೆ ನೀರು ಇಳಿಯುವವರೆಗೆ ವಾರ ಕಾದು, ತಡವಾಗಿಯಾದರೂ ಹಬ್ಬ ಮಾಡುತ್ತಿದ್ದರು. ಈ ಸಲ ಒಂದು ವಾರದಲ್ಲಿ ಇಳಿಯುವ ಲಕ್ಷಣ ಇರಲಿಲ್ಲ. ಅವನು ಹುಟ್ಟನ್ನು ಗಾಡಿಗೆ ಒರಗಿಸಿ ಕಲ್ಲಿನ ಮೇಲೆ ಕೂತ. ಅವನ ಮುಖ ನೋಡಲಾಗದೆ ನಾನು ಹೊಳೆಗೆ ಬೈದೆ, ಡ್ಯಾಮಿಗೆ ಬೈದೆ. ಬೈಯಲು ಇನ್ನೇನಾದರೂ ಸಿಗುತ್ತದೆಯೇ ಎಂದು ತಲೆ ಎತ್ತಿದರೆ ಸೇತುವೆ ಕಾಣಿಸಿತು. ಮೇಲೆ ಲಾರಿಗಳು ಹೋಗುತ್ತಿದ್ದವು, ಕೆಳಗೆ ಅದೇ ಕೆಂಪು ನೀರು.

"ಯಪ್ಪಾ, ದೋಣಿ ಗಾಡಿ ಮ್ಯಾಲೇ ಇರ್ಲಿ. ಹಂಗ ದಾಟೋಣು. ಅತ್ತಿ ದೋಣ್ಯಾಗ ಕುಂದರ್ಲಿ. ಕೆಳಗ ಹೊಳಿನೇ ಐತಲ್ಲ" ಎಂದೆ.

ಅಪ್ಪ ಸೇತುವೆ ನೋಡಿದ, ದೋಣಿ ನೋಡಿದ. ಚಾಲಕ ಬೀಡಿ ಎಸೆದು, ಇಳಿಸುವ ಕೆಲಸ ಉಳಿಯಿತು ಎಂಬ ಖುಷಿಯಲ್ಲಿ ಗಾಡಿ ಚಾಲೂ ಮಾಡಿದ. ಅಪ್ಪ ಎದ್ದ. ಗಾಡಿಯ ಮುಂದೆ ಕೂರಲಿಲ್ಲ, ಹಿಂದೆ ಏರಿ, ಚಪ್ಪಲಿ ಬಿಟ್ಟು, ದೋಣಿಯೊಳಗೆ ಹೋಗಿ ಹುಟ್ಟು ಹಿಡಿದು ಕೂತ.

ಅತ್ತೆಯ ಮನೆಯ ಮುಂದೆ ಎದೆಯೆತ್ತರದ ಕಲ್ಲಿನ ಕಟ್ಟೆ ಇದೆ. ಗಾಡಿಯನ್ನು ಹಿಮ್ಮುಖವಾಗಿ ತಂದು ಅದಕ್ಕೆ ತಾಗಿಸಿದೆವು. ಅತ್ತೆ ಗಂಟು ಕಟ್ಟಿಕೊಂಡು, ಕೋಲು ಹಿಡಿದು ಆಗಲೇ ಕಟ್ಟೆಯ ಮೇಲೆ ಕೂತಿದ್ದಳು. ನಗುತ್ತಾಳೋ ಅಳುತ್ತಾಳೋ ಎಂದು ನಾನು ನೋಡಿದರೆ ಅವಳು ಎರಡನ್ನೂ ಮಾಡಲಿಲ್ಲ. ಇದ್ಯಾವ ಬಣ್ಣ ಎಂದು ಕೇಳಿದಳು. ಆಟೋದ್ದು ಎಂದ ಅಪ್ಪ. ಆಟೋ ಬೇಡವೆಂದರೂ ಆಟೋ ತಂದಿ ಬಿಡು ಎಂದಳು. ಅಪ್ಪ ಕೈ ಚಾಚಿದ. ಅವಳು ಕೋಲನ್ನು ಪಕ್ಕದಲ್ಲಿ ನಿಂತಿದ್ದ ಮಗನ ಹೆಂಡತಿಗೆ ಕೊಟ್ಟು, ಅಣ್ಣನ ಕೈ ಹಿಡಿದು, ಎಡಗಾಲು ಎಳೆದುಕೊಂಡು ದೋಣಿಗೆ ಇಳಿದಳು. ಎಲ್ಲಿಗೆ ಹೊಂಟೀಯವ್ವಾ ಎಂದು ಅಪ್ಪ ಕೇಳಿದ. ತವರಿಗೆ ಎಂದು ಹೇಳಿ ಅವಳು ಮುಂದೆ ನೋಡಿ ಕೂತಳು. ನಾನು ಸೀರೆ, ಬಳೆ, ಅರಳು ಅವಳ ಮಡಿಲಿಗೆ ಹಾಕಿ ಗಾಡಿಯ ಮುಂದೆ ಹೋಗಿ ಚಾಲಕನ ಪಕ್ಕ ಕೂತೆ.

ಸೇತುವೆಯ ನಡುವೆ, ಗಾಡಿ ನಿಲ್ಲಿಸಲೆಂದು ಅತ್ತೆ ಮುಂದಿನ ಕ್ಯಾಬಿನ್ ಬಡಿದಳು. ನಡುಹೊಳೆಯಲ್ಲಿ ಅರಿಶಿನ ಕುಂಕುಮ ಬಿಡುವುದು ಅವಳ ಪದ್ಧತಿ. ಚಾಲಕ ಬದಿಗೆ ನಿಲ್ಲಿಸಿದ. ನಾನು ಇಳಿದು, ಅವಳು ಕೊಟ್ಟ ಪೊಟ್ಟಣ ಬಿಚ್ಚಿ ಕಟಕಟೆಯ ಮೇಲಿನಿಂದ ಬಿಟ್ಟೆ. ಗಾಳಿ ಅರ್ಧ ತೆಗೆದುಕೊಂಡಿತು, ಉಳಿದದ್ದು ಹೊಳೆಗೆ ಹೋಯಿತು. ಅತ್ತೆ ಅಲ್ಲಿಂದಲೇ ಕೈ ಮುಗಿದು, "ಇಷ್ಟು ವರ್ಷದಾಗ ಸೆರಗು ತೋಯಲಾರದಂಗ ದಾಟಿಸಿದ್ದು ಇದೇ ಮೊದಲು ನೋಡಣ್ಣ" ಎಂದಳು. ಮೂವರೂ ನಕ್ಕೆವು. ನಾನು ಮತ್ತೆ ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಎಲ್ಲಿಗೆ ಹೊಂಟೀಯವ್ವಾ?"

ಅಪ್ಪ ದೋಣಿಯಲ್ಲಿ ಎದ್ದು ನಿಂತಿದ್ದ. ನನ್ನನ್ನೇ ಕೇಳುತ್ತಿದ್ದ. ಅವನು ಎಲ್ಲ ಹೆಣ್ಣುಮಕ್ಕಳಿಗೂ ಕೇಳುತ್ತಿದ್ದ ಆ ಮಾತನ್ನು ನನಗೆ ಒಮ್ಮೆಯೂ ಕೇಳಿರಲಿಲ್ಲ. ಮನೆಗೆ ಎಂದೆ, ಇನ್ನೇನು ಹೇಳಲಿ. ಅವನು ಬಗ್ಗಿ ಕೈ ಚಾಚಿದ. ನಾ ಬಂದ ವರ್ಷ ಬಸ್ಸಿನ ಹೊತ್ತಿಗೆ ಬಾಗಿಲಿಗೆ ಹೋಗಿ ನಿಂತಿದ್ದಿ, ನಾ ನೋಡಿದ್ದೆ ಎಂದ. ಕರಿಯಾಕ ನನಗ ದಾರಿ ಗೊತ್ತಾಗಲಿಲ್ಲ ಎಂದ.

ನಾನು ಗಾಲಿಯ ಮೇಲೆ ಕಾಲಿಟ್ಟು ಅವನ ಕೈ ಹಿಡಿದು ಹತ್ತಿದೆ. ಅವನ ಅಂಗೈ ಇನ್ನೂ ಒರಟಾಗಿಯೇ ಇತ್ತು. ಹತ್ತಿದವಳಿಗೆ ಎಲ್ಲಿ ಕೂರಬೇಕೋ ತಿಳಿಯಲಿಲ್ಲ. ಹೋಗುವುದು ಆದೋನಿಗೆ, ಅದು ನನ್ನ ಗಂಡನ ಮನೆ. ಹಿಂದೆ ನೋಡಿ ಕೂರಬೇಕಾದವಳು ನಾನು. ಹಾಗೆಂದೇ ಕೇಳಿದೆ, ನಾ ಹೆಂಗ ಕುಂದರಬೇಕಪ್ಪ ಎಂದು.

"ಮುಂದ ನೋಡಿ ಕುಂದ್ರು" ಎಂದ. "ನಾ ಇರೋ ಮನಿ ನಿನಗ ತವರಲ್ಲೇನು?"

ಅತ್ತೆ ಸರಿದು ಜಾಗ ಕೊಟ್ಟಳು. ಬೇವಿನ ಹಲಗೆಯ ಮೇಲೆ ಅವಳ ಪಕ್ಕ, ಮುಂದೆ ನೋಡಿ ಕೂತೆ. ಅವಳು ಅರಳಿನ ಗಂಟು ಬಿಚ್ಚಿ ನನ್ನ ಬೊಗಸೆಗೆ ಸುರಿದಳು. ಗಾಡಿ ಹೊರಟಿತು. ಬೆನ್ನ ಹಿಂದೆ ಅಪ್ಪ ಹುಟ್ಟು ಹಿಡಿದು ಕೂತಿದ್ದ. ದಾರಿಯ ಹಳ್ಳಿಗಳಲ್ಲಿ ಜನ ನಿಂತು ನಮ್ಮನ್ನು ನೋಡಿ ನಕ್ಕರು, ಕೆಲವರು ಕೈ ಬೀಸಿದರು. ಕಣ್ಣೀರು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಆದೋನಿ ಬರುವವರೆಗೆ ನಾನು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.